ಬಾಯಿಮಾತಿನ ನೂರು ಮಿಲಿಗ್ರಾಂ

ಸ್ಫೋಟಕ ಗುಣದ ವಸ್ತುವನ್ನು ಒಮ್ಮೆಗೆ 100 ಮಿಲಿಗ್ರಾಂಗಿಂತ ಹೆಚ್ಚು ತಯಾರಿಸಬಾರದು. ಅಮೆರಿಕದ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಸಂಶೋಧನಾ ತಂಡವೊಂದಕ್ಕೆ ಮಾರ್ಗದರ್ಶಕರು ಹಾಕಿಕೊಟ್ಟಿದ್ದ ಮಿತಿ ಇದು. ಅದು ಬಾಯಿಮಾತಿನಲ್ಲಿತ್ತು, ಎಲ್ಲೂ ಬರೆದಿರಲಿಲ್ಲ. ತಂಡದ ಕೆಲವರ ಕಿವಿಗೆ ಅದು ಬಿದ್ದೇ ಇರಲಿಲ್ಲ. 2010ರ ಜನವರಿ 7ರಂದು ಅಲ್ಲಿನ ವಿದ್ಯಾರ್ಥಿಯೊಬ್ಬನ ಕೈಯಲ್ಲಿದ್ದದ್ದು ಸುಮಾರು 10 ಗ್ರಾಂ ನಿಕಲ್ ಹೈಡ್ರಜೀನ್ ಪರ್‌ಕ್ಲೋರೇಟ್. ಮಿತಿಯ ನೂರು ಪಟ್ಟು.

ಇದರಲ್ಲಿ ಹುಡುಗಾಟವೇನೂ ಇರಲಿಲ್ಲ. ಪ್ರತಿ ಸಲ ಚೂರುಚೂರೇ ತಯಾರಿಸಿದರೆ ಒಂದು ಮಾದರಿಗೂ ಇನ್ನೊಂದಕ್ಕೂ ವ್ಯತ್ಯಾಸ ಬರುತ್ತದೆ. ಎಲ್ಲ ಪರೀಕ್ಷೆಗೂ ಸಾಕಾಗುವಷ್ಟನ್ನು ಒಂದೇ ಬಾರಿಗೆ ತಯಾರಿಸಿದರೆ ಫಲಿತಾಂಶ ನಂಬಲರ್ಹ. ಒಳ್ಳೆಯ ವಿಜ್ಞಾನಿ ಹೀಗೇ ಯೋಚಿಸುತ್ತಾನೆ. ಹೆಕ್ಸೇನ್‌ನಲ್ಲಿ ಒದ್ದೆಯಾಗಿದ್ದರೆ ಅದು ಪೆಟ್ಟಿಗೂ ಸಿಡಿಯದು ಎಂಬುದನ್ನು ತಂಡದವರು ಚಿಕ್ಕ ಪ್ರಮಾಣದಲ್ಲಿ ಕಂಡಿದ್ದರು. ದೊಡ್ಡ ಪ್ರಮಾಣವೂ ಹಾಗೇ ಇರುತ್ತದೆಂದು ಭಾವಿಸಿದರು. ಗಂಟು ಒಡೆಯಲು ಅರ್ಧದಷ್ಟನ್ನು ಕಲ್ಬತ್ತಿಗೆ ಹಾಕಿ ಮೆಲ್ಲಗೆ ಕದಡಿದ್ದಾಯಿತು. ಕೆಲಸ ಮುಗಿಯಿತೆಂದು ರಕ್ಷಣಾ ಕನ್ನಡಕ ತೆಗೆದ ವಿದ್ಯಾರ್ಥಿ, ಇನ್ನೊಮ್ಮೆ ಕದಡೋಣವೆಂದು ವಾಪಸು ಬಂದ. ಸ್ಫೋಟದಲ್ಲಿ ಅವನ ಮೂರು ಬೆರಳು ಹೋದವು. ಮುಖ, ಕೈ ಸುಟ್ಟವು, ಕಣ್ಣಿಗೂ ಪೆಟ್ಟಾಯಿತು.

ಕನ್ನಡಕ ಯಾಕೆ ತೆಗೆದ ಎಂದು ಕೇಳುವುದು ಸುಲಭ. ಆದರೆ ಐದು ಗ್ರಾಂ ಸಿಡಿಯುವಾಗ ಬೆರಳನ್ನು ಉಳಿಸುವ ಕನ್ನಡಕ ಯಾವುದೂ ಇಲ್ಲ. ಇಂಥ ವಸ್ತುಗಳಿಗೆ ಉರಿಯಲು ಹೊರಗಿನ ಗಾಳಿ ಬೇಡ. ಇಂಧನ, ಆಮ್ಲಜನಕ ಎರಡೂ ಒಂದೇ ಹರಳಿನೊಳಗೆ ಕೂತಿರುತ್ತವೆ. ಉಜ್ಜಾಟ, ಪೆಟ್ಟು, ಬಟ್ಟೆಯ ಸ್ಥಿರ ವಿದ್ಯುತ್ತಿನ ಒಂದು ಕಿಡಿ, ಯಾವುದೂ ಸಾಕು. ಇಲ್ಲಿ ನಿಜವಾದ ರಕ್ಷಾಕವಚ ತಕ್ಕಡಿಯಲ್ಲಿರುವ ತೂಕ. ಗಾಗಲ್ಸ್, ಕೈಗವಸು ಎಲ್ಲ ಆಮೇಲಿನ ಮಾತು.

ತನಿಖೆ ನಡೆಸಿದ ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿಗೆ ದಂಡ ಹಾಕುವ ಅಧಿಕಾರವಿಲ್ಲ. ಏನಾಯಿತು, ಯಾಕಾಯಿತು ಎಂದು ಬರೆದು ಪ್ರಕಟಿಸಿ, ಶಿಫಾರಸು ಮಾಡುವುದಷ್ಟೇ ಅದರ ಕೆಲಸ. ಅದರ 2011ರ ವರದಿಯಲ್ಲಿ ಎದ್ದು ಕಾಣುವ ಸಂಗತಿ, ಅದೇ ಸಂಶೋಧನಾ ವಲಯದಲ್ಲಿ ಮುಂಚೆಯೇ ಎರಡು ಸಲ ಅನಾಹುತ ಕೂದಲೆಳೆಯಲ್ಲಿ ತಪ್ಪಿತ್ತು ಎಂಬುದು. ಅವುಗಳಿಂದ ಕಲಿಯಬೇಕಿದ್ದುದು ದಾಖಲಾಗಲಿಲ್ಲ. ಪ್ರಯೋಗಾಲಯದ ತಪಾಸಣೆಯನ್ನೇ ಶೈಕ್ಷಣಿಕ ಸ್ವಾತಂತ್ರ್ಯದ ಮೇಲಿನ ದಾಳಿ ಎಂದುಕೊಂಡ ಪ್ರಾಧ್ಯಾಪಕರೂ ಅಲ್ಲಿದ್ದರು. ಈ ಸಂಶೋಧನೆಗೆ ಹಣ ಕೊಟ್ಟ ಅಮೆರಿಕದ ಗೃಹಭದ್ರತಾ ಇಲಾಖೆಯಾದರೂ ಸುರಕ್ಷತೆಯ ಷರತ್ತು ಹಾಕಿತ್ತೇ? ಅದೂ ಇಲ್ಲ.

ನಮ್ಮಲ್ಲಿ ತನಿಖೆಯ ದಾರಿ ಬೇರೆ. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶಾಕ್ ವೇವ್ ಪ್ರಯೋಗಾಲಯದಲ್ಲಿ ಸ್ಫೋಟ ಸಂಭವಿಸಿ ಒಬ್ಬ ಯುವಕ ಸತ್ತ, ಮೂವರು ಗಾಯಗೊಂಡರು. ಅಲ್ಲಿದ್ದದ್ದು ಅನಿಲ, ರಸಾಯನವೇ ಬೇರೆ. ಪೊಲೀಸರು ಪ್ರಕರಣ ದಾಖಲಿಸಿದರು. ಪೊಲೀಸ್ ತನಿಖೆ ಬೇಡವೆಂದಲ್ಲ, ಆದರೆ ಅದು ಹುಡುಕುವುದು ತಪ್ಪಿತಸ್ಥರನ್ನು. ಬಂಧನದ ಭಯವಿರುವ ಕಡೆ, ಕೂದಲೆಳೆಯಲ್ಲಿ ತಪ್ಪಿದ ಅನಾಹುತವನ್ನು ಯಾವ ವಿದ್ಯಾರ್ಥಿ ತಾನಾಗಿ ಬಂದು ಹೇಳಿಯಾನು?

ನಮ್ಮಲ್ಲಿ ಸ್ಫೋಟಕ ವಸ್ತುಗಳ ಸಂಶೋಧನೆ ಪುಣೆಯ ರಕ್ಷಣಾ ಪ್ರಯೋಗಾಲಯಕ್ಕೆ ಸೀಮಿತವಾಗಿಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಡಿಆರ್‌ಡಿಒ ನೆರವಿನ ಕೇಂದ್ರವೇ ಇದೆ. ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು ಬರುತ್ತಾರೆ, ಹೋಗುತ್ತಾರೆ. ಹಿರಿಯರ ಬಾಯಿಮಾತು ನಾಲ್ಕೈದು ವರ್ಷಕ್ಕೆ ಅವರ ಜೊತೆಗೇ ಹೊರಟುಹೋಗುತ್ತದೆ. ಹೊಸ ಕಾಯ್ದೆಗಾಗಿ ಕಾಯುವ ಅಗತ್ಯವಿಲ್ಲ. ಹಣ ಕೊಡುವ ಸಂಸ್ಥೆ ಅನುದಾನ ಮಂಜೂರಾತಿ ಪತ್ರದಲ್ಲೇ ಗರಿಷ್ಠ ಪ್ರಮಾಣ ಇಷ್ಟು ಮಿಲಿಗ್ರಾಂ ಎಂದು ಬರೆಯಲಿ; ಅದನ್ನು ದಾಟಬೇಕಾದರೆ ಮಾರ್ಗದರ್ಶಕರಲ್ಲದ ಇನ್ನೊಬ್ಬರ ಸಹಿ ಬೇಕೆನ್ನಲಿ; ತಪ್ಪಿದ ಅನಾಹುತಗಳ ಪಟ್ಟಿ ಕೊಡದಿದ್ದರೆ ಮುಂದಿನ ಕಂತು ತಡೆಯಲಿ.