ಮರಿ ಕಚ್ಚಿದ್ದು ಕೀಬೋರ್ಡನ್ನ, ಲ್ಯಾಪ್‌ಟಾಪನ್ನಲ್ಲ!

ಹಬ್ಬಕ್ಕೆ ಅಂತ ಊರಿಗೆ ಹೋಗಿದ್ದೀರಿ. ಹುಳಿಯಾರು ಪಕ್ಕದ ಕೆಂಕೆರೆ ಅಂತಿಟ್ಟುಕೊಳ್ಳಿ. ಮಗಳು ಕಾಲೇಜಿನ ಪ್ರಾಜೆಕ್ಟ್ ಮುಗಿಸೋಕೆ ಲ್ಯಾಪ್‌ಟಾಪ್ ತಂದಿದ್ದಾಳೆ. ಜೊತೆಗೆ ನಾಲ್ಕು ತಿಂಗಳ ನಾಯಿಮರಿಯೂ ಬಂದಿದೆ. ನೀವು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದ ಹೊತ್ತಿಗೆ ಪಡಸಾಲೆಯಿಂದ ಒಂದು ಕಿರುಚಾಟ. ಓಡಿಹೋಗಿ ನೋಡಿದರೆ ಐದಾರು ಕೀಲಿಗಳು ಕಿತ್ತು ಚಾಪೆ ಮೇಲೆ ಬಿದ್ದಿವೆ!

ತಕ್ಷಣ ಎರಡು ತೀರ್ಪು ಹೊರಬೀಳುತ್ತವೆ. "ಲ್ಯಾಪ್‌ಟಾಪ್ ಹೋಯ್ತು, ಹೊಸದೇ ತಗೋಬೇಕು" ಅಂತ ಯಜಮಾನರು. "ಈ ಪೀಡೆ ಬೇಡ, ಇಲ್ಲೇ ತೋಟದಲ್ಲಿ ಬಿಟ್ಟುಹೋಗಿ" ಅಂತ ಇನ್ಯಾರೋ. ನನ್ನ ಪ್ರಕಾರ ಎರಡೂ ತಪ್ಪು ಕಣ್ರೀ.

ಮೊದಲು ಮರಿಯನ್ನು ನೋಡಿ. ಬಿದ್ದಿರುವ ಕೀಲಿಗಳನ್ನು ಎಣಿಸಿ. ಲೆಕ್ಕ ತಪ್ಪಿದರೆ ಅದು ನುಂಗಿರಬಹುದು. ವಾಂತಿ ಮಾಡಿದರೆ, ಊಟ ಬಿಟ್ಟರೆ ಕಾಯಬೇಡಿ, ಪಶುವೈದ್ಯರ ಹತ್ತಿರ ಕರೆದೊಯ್ಯಿರಿ.

ಇನ್ನು ಲ್ಯಾಪ್‌ಟಾಪ್. ಕಿತ್ತುಬಂದ ಕೀಲಿ, ಅದರಡಿಯ ಕತ್ತರಿಯಾಕಾರದ ಪುಟ್ಟ ಪ್ಲಾಸ್ಟಿಕ್ ಚೂರು, ಎರಡನ್ನೂ ಒಂದು ಡಬ್ಬಿಯಲ್ಲಿ ಜೋಪಾನ ಮಾಡಿ. ಅವು ಮುರಿಯದಿದ್ದರೆ ಮತ್ತೆ ಕೂರಿಸಬಹುದು. ಮರಿ ಮೂತ್ರ ಮಾಡಿದ್ದರೆ ಮಾತ್ರ ಒಂದು ಕ್ಷಣವೂ ತಡಮಾಡಬೇಡಿ. ಚಾರ್ಜರ್ ಕಿತ್ತು, ಆಫ್ ಮಾಡಿ, ಬೋರಲು ಹಾಕಿ. ಮೂತ್ರದಲ್ಲಿರುವ ಉಪ್ಪು ಒಳಗಿನ ಲೋಹವನ್ನು ತಿನ್ನುತ್ತದೆ. ಹಾಗಾಗಿ ಬಿಚ್ಚಿ ಸ್ವಚ್ಛ ಮಾಡಿಸುವವರೆಗೂ ಆನ್ ಮಾಡಲೇಬೇಡಿ. ಅಕ್ಕಿ ಡಬ್ಬಕ್ಕೆ ಹಾಕುವ ಉಪಾಯವೂ ಬೇಡ, ಹಿಟ್ಟಿನ ಧೂಳು ಒಳಗೆ ಸೇರೀತು.

ಒದ್ದೆಯಾಗಿಲ್ಲವೇ? ಹಾಗಾದರೆ ಯುಎಸ್‌ಬಿ ಕೀಬೋರ್ಡ್ ಒಂದನ್ನು ಚುಚ್ಚಿದರೆ ಮಗಳ ಕೆಲಸ ಅವತ್ತೇ ಮುಂದುವರಿಯುತ್ತದೆ. ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಂಡು, ಊರಿಗೆ ವಾಪಸಾದ ಮೇಲೆ ನಿಧಾನವಾಗಿ ರಿಪೇರಿಗೆ ಕೊಡಿ.

ಅಂಗಡಿಗೆ ನೀವೇ ಹೋಗಿ. "ನನಗೇನು ಗೊತ್ತಾಗುತ್ತೆ" ಅಂತ ಹಿಂಜರಿಯಬೇಡಿ. ಮಿಕ್ಸಿಯ ಜಾರ್ ಕೆಟ್ಟರೆ ಮೋಟರನ್ನೂ ಎಸೆಯುತ್ತೀರಾ? ಇದೂ ಅಷ್ಟೇ. ಲ್ಯಾಪ್‌ಟಾಪ್ ತಳದ ಸ್ಟಿಕರ್‌ನಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹೋಗಿ. ಕೇಳಬೇಕಾದ್ದು ನಾಲ್ಕೇ ಪ್ರಶ್ನೆ. ಕೀಬೋರ್ಡ್ ಬಿಡಿಯಾಗಿ ಬದಲಾಗುತ್ತದೋ, ಮೇಲ್ಮುಚ್ಚಳದ ಸಮೇತವೋ? ಎಂಟರ್ ಕೀಲಿಯ ಆಕಾರ ಹಳೆಯದರಂತೆಯೇ ಇದೆಯೇ? ಬದಲಿ ಭಾಗಕ್ಕೆ ಎಷ್ಟು ದಿನದ ಗ್ಯಾರಂಟಿ? ಹಳೆಯ ಭಾಗ ವಾಪಸ್ ಕೊಡ್ತೀರಾ?

ಮೊದಲನೆಯ ಪ್ರಶ್ನೆಯೇ ಮುಖ್ಯ. ಹಲವು ಮಾದರಿಗಳಲ್ಲಿ ಕೀಬೋರ್ಡ್ ಕೆಲವೇ ಸ್ಕ್ರೂ ಮತ್ತು ಒಂದು ತೆಳು ಪಟ್ಟಿಯಂಥ ಕೇಬಲ್‌ನಿಂದ ಜೋಡಣೆಯಾಗಿರುತ್ತದೆ, ಖರ್ಚು ಒಂದೆರಡು ಸಾವಿರದ ಆಸುಪಾಸು. ತೀರಾ ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಮುಚ್ಚಳಕ್ಕೇ ಬೆಸೆದಿರುತ್ತಾರೆ, ಆಗ ಬಿಲ್ಲು ಏರುತ್ತದೆ. ವಾರಂಟಿ ಇದೆಯಲ್ಲ ಅಂದುಕೊಳ್ಳಬೇಡಿ. ನಾಯಿ ಕಚ್ಚಿದ್ದು, ನೀರು ಬಿದ್ದದ್ದು ಸಾಮಾನ್ಯ ವಾರಂಟಿಯಲ್ಲಿ ಬರುವುದಿಲ್ಲ. ಹೊಸ ಕೀಲಿಗಳ ಮೇಲೆ ಕನ್ನಡ ಅಕ್ಷರ ಇಲ್ಲವೆಂಬ ಚಿಂತೆಯೂ ಬೇಡ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ಇಂಗ್ಲಿಷ್ ಕೀಲಿಗಳಿಂದಲೇ ಕನ್ನಡ ಮೂಡುತ್ತದೆ. 'ನುಡಿ' ಬಳಸುವವರಿಗೆ ಇದು ಗೊತ್ತು.

ಈಗ ಎರಡನೆಯ ತೀರ್ಪಿಗೆ ಬರೋಣ. ಮೂರು-ನಾಲ್ಕು ತಿಂಗಳಿಂದ ಆರೇಳು ತಿಂಗಳವರೆಗೆ ಮರಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ. ಒಸಡು ನವೆಯಾಗಿ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ನಮ್ಮ ಮಕ್ಕಳು ಕಡಿದಿರಲಿಲ್ಲವೇ? ಒದ್ದೆ ಬಟ್ಟೆಯನ್ನು ಗಂಟು ಕಟ್ಟಿ ಫ್ರಿಜ್‌ನಲ್ಲಿ ತಣ್ಣಗೆ ಮಾಡಿ ಕೊಡಿ. ತೆಂಗಿನ ಚಿಪ್ಪು ಮಾತ್ರ ಬೇಡ, ಚೂರು ಗಂಟಲಿಗೆ ಚುಚ್ಚೀತು. ಮನೆಯಲ್ಲಿ ಬೆಳೆದ ಮರಿಯನ್ನು ತೋಟದಲ್ಲಿ ಬಿಟ್ಟುಬಂದರೆ ಅದಕ್ಕೆ ಅನ್ನ ಹಾಕುವವರು ಯಾರು, ಬೀದಿನಾಯಿಗಳಿಂದ ಕಾಪಾಡುವವರು ಯಾರು? ಉಪವಾಸ ಬೀಳುವ ಹಾಗೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ತಪ್ಪು ಯಾರದ್ದು ಅಂತ ಕೇಳಿದರೆ ನಾನು ಹೇಳೋದು, ತೆರೆದಿಟ್ಟು ಎದ್ದುಹೋದವರದ್ದು! ಮುಚ್ಚಿ, ಅಲಮಾರಿನಲ್ಲಿಡುವ ಅಭ್ಯಾಸ ಮಕ್ಕಳಿಗೂ ಬರಲಿ, ಯಜಮಾನರಿಗೂ ಬರಲಿ.

ಒಂದು ಗರಿ ಒಣಗಿತು ಅಂತ ತೆಂಗಿನಮರ ಕಡಿಯೋರಲ್ಲ ಕೆಂಕೆರೆ, ತಿಪಟೂರು ಕಡೆಯ ಹೆಣ್ಣುಮಕ್ಕಳು. ಕಾಯಿಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಕಾದು ಕೊಬ್ಬರಿ ಮಾಡುವ ಮನೆಗಳವು. ಆ ತಾಳ್ಮೆಯಲ್ಲಿ ಒಂದಿಷ್ಟು ಈ ಮರಿಗೂ ಇರಲಿ, ಅಲ್ವಾ?