ಇಲ್ಲ ಅಂದ್ರೆ ಸೊನ್ನೆ ಅಲ್ಲ ಸ್ವಾಮಿ!

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಮಳೆ ಅಂದ್ರೆ ಬರೀ ಹವಾಮಾನದ ಮಾತಲ್ಲ. ಬರ ಘೋಷಣೆ ಮಾಡೋವಾಗ ಮೊದಲು ನೋಡೋದೇ ಆ ಮಿಲಿಮೀಟರ್ ಲೆಕ್ಕ.

ಈಗ ಒಂದು ಕಲ್ಪನೆ ಮಾಡ್ಕೊಳ್ಳಿ. ನಾಲ್ಕೂ ಊರಿನ ಮಳೆಮಾಪಕಗಳು ಜೇಸನ್ ರೂಪದಲ್ಲಿ ವರದಿ ಕಳಿಸ್ತವೆ. ಇಂಡಿ 12, ಸಿಂದಗಿ 8, ಬಾಗೇವಾಡಿ 0. ಮುದ್ದೇಬಿಹಾಳದ ಸೆನ್ಸರ್ ಕೆಟ್ಟಿದೆ, ಹಾಗಾಗಿ ಅದರ ವರದಿಯಲ್ಲಿ "ಮಳೆ" ಅನ್ನೋ ಫೀಲ್ಡೇ ಇಲ್ಲ. ನಮ್ಮ ಪ್ರೋಗ್ರಾಮ್ ಇದನ್ನೆಲ್ಲ ಓದಿ ಆಬ್ಜೆಕ್ಟ್ ಮಾಡಿ ತೋರಿಸುತ್ತೆ: ಬಾಗೇವಾಡಿ 0, ಮುದ್ದೇಬಿಹಾಳ 0!

ಬಾಗೇವಾಡಿಯಲ್ಲಿ ಮಳೆ ಬಂದಿಲ್ಲ. ಮುದ್ದೇಬಿಹಾಳದಲ್ಲಿ ಬಂತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇವೆರಡೂ ಒಂದೇನಾ?

ಇದನ್ನ ಬಗ್ ಅಂದ್ರೆ "ಇಲ್ಲ ಸಾರ್, ಡಿಫಾಲ್ಟೇ ಹಾಗೆ" ಅಂತಾರೆ. ನಿಜ. ಸಿ ಶಾರ್ಪ್, ಜಾವಾ, ಗೋ ಯಾವುದೇ ಇರಲಿ, ಫೀಲ್ಡನ್ನು ಬರೀ ಪೂರ್ಣಾಂಕ ಅಂತ ಘೋಷಿಸಿ ಬಿಟ್ಟರೆ, ಬರದೇ ಇದ್ದ ಅಂಕಿ ಸಾಮಾನ್ಯವಾಗಿ ಸದ್ದಿಲ್ಲದೆ 0 ಆಗುತ್ತೆ. ಸಿ ಶಾರ್ಪ್‌ನಲ್ಲಿ ಬರದ ದಿನಾಂಕ ಕ್ರಿ.ಶ. 1ರ ಜನವರಿ 1! ಬೂಲಿಯನ್ ಆದರೆ ಫಾಲ್ಸ್. ಅಂದ್ರೆ ಅರ್ಜಿಯಲ್ಲಿ "ಅರ್ಹ" ಅನ್ನೋ ಫೀಲ್ಡ್ ಬಿಟ್ಟುಹೋದರೆ, ಯಾರೂ ತೀರ್ಮಾನ ಮಾಡದೆಯೇ ರೈತ ಅನರ್ಹ! ಎರರ್ ಇಲ್ಲ, ಲಾಗ್ ಇಲ್ಲ, ಕೇಳೋರೂ ಇಲ್ಲ.

ಗೋ ಭಾಷೆಯ "ಒಮಿಟ್‌ಎಂಪ್ಟಿ" ಇನ್ನೂ ಚೆಂದ. ಅದನ್ನು ಹಾಕಿದರೆ ಕಳಿಸೋವಾಗ ನಿಜವಾದ 0 ಕೂಡ ಮಾಯ. ಆಮೇಲೆ ಬಾಗೇವಾಡಿಯ ಸೊನ್ನೆಗೂ ಮುದ್ದೇಬಿಹಾಳದ ಮೌನಕ್ಕೂ ವ್ಯತ್ಯಾಸ ಹುಡುಕೋಕೆ ದೇವರಿಂದಲೂ ಆಗಲ್ಲ.

"ಎಲ್ಲವನ್ನೂ ಕಡ್ಡಾಯ ಮಾಡಿದ್ರೆ ಹಳೇ ಆಪ್‌ಗಳು ಮುರೀತವೆ" ಅನ್ನೋ ವಾದ ಇದೆ. ಒಪ್ಪಿದೆ. ಹಾಗಾದ್ರೆ ನಲ್ ಇಡಿ, "ಮಾಹಿತಿ ಇಲ್ಲ" ಅಂತ ತೋರಿಸಿ. ಡಿಫಾಲ್ಟ್ ಬೇಕೇ ಬೇಕು ಅಂದ್ರೆ ಯೋಚಿಸಿ ನೀವೇ ಬರೀರಿ. ಬರಲೇಬೇಕಾದ ಫೀಲ್ಡ್‌ಗೆ 2022ರಲ್ಲಿ ಸಿ ಶಾರ್ಪ್ 11 "ರಿಕ್ವೈರ್ಡ್" ಅನ್ನೋ ಪದವನ್ನೇ ತಂತು. ಡಾಟ್‌ನೆಟ್ 7ರಿಂದ ಅದರದೇ ಜೇಸನ್ ಲೈಬ್ರರಿ ಅದನ್ನು ಗೌರವಿಸುತ್ತೆ, ಫೀಲ್ಡ್ ಬರದಿದ್ರೆ ಎರರ್ ಕೊಡುತ್ತೆ. ಒಂದು ಪದ ಟೈಪ್ ಮಾಡೋಕೆ ಏನು ಕಷ್ಟ?

ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನೋದು ಮರ್ಯಾದಸ್ಥರ ಲಕ್ಷಣ. ನಮ್ಮ ಪ್ರೋಗ್ರಾಮ್‌ಗಳಿಗೂ ಅಷ್ಟು ಕಲಿಸೋಣ.

ನೀವೇನಂತೀರಿ?