ಜೈಲಿನ ಗೋಡೆಯೊಳಗೂ ಡಿಜಿಟಲ್ ಲೈಬ್ರರಿ ಬೇಕು

ಕೆಜಿಎಫ್, ಬಂಗಾರಪೇಟೆ ಕೋರ್ಟುಗಳ ಸುದ್ದಿ ಬರೆಯುವ ನಮಗೆ ಒಂದು ಸಾಲು ಬಾಯಿಪಾಠವಾಗಿಬಿಟ್ಟಿದೆ: ‘ಆರೋಪಿಯನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಲಾಗಿದೆ.’ ಪತ್ರಿಕೆಯಲ್ಲಿ ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಒಳಗೆ ಹೋದವನಿಗೆ ಅಲ್ಲಿಂದಲೇ ಶುರು. ಬೆಳಿಗ್ಗೆಯಿಂದ ಸಂಜೆವರೆಗೆ ಮಾಡಲು ಕೆಲಸವಿಲ್ಲ, ಓದಲು ಪುಸ್ತಕವಿಲ್ಲ ಎಂದರೆ ಆ ದಿನಗಳು ಹೇಗೆ ಕಳೆಯಬೇಕು?

ಲೆಕ್ಕ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಜಾಮೀನು ಸಿಕ್ಕಿದರೂ ಶ್ಯೂರಿಟಿ ಇಲ್ಲದೆ ಒಳಗೇ ಉಳಿಯುವವರೂ ಇದ್ದಾರೆ. 2001ರ ಫೆಬ್ರುವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಕಂಪನಿಯ ಲೈನ್ ಮನೆಗಳಲ್ಲೇ ಹುಟ್ಟಿ ಬೆಳೆದು, ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವ ಮನೆಯವರು ಕೋರ್ಟಿಗೆ ಪಹಣಿ ಎಲ್ಲಿಂದ ತರಬೇಕು?

ಜೈಲಿನಲ್ಲಿ ಶಿಕ್ಷಣವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಕೈದಿಗಳಿಗೆ ಇಗ್ನೋ ಶುಲ್ಕ ವಿನಾಯಿತಿ ಕೊಡುತ್ತದೆ. ಕೆಲವು ಜೈಲುಗಳಲ್ಲಿ ಅಕ್ಷರ ಕಲಿಸುವ ಕೆಲಸವೂ ನಡೆದಿದೆ. ಆದರೆ ಕೋರ್ಸು, ಪರೀಕ್ಷೆ ಎಲ್ಲವೂ ವರ್ಷಗಟ್ಟಲೆ ಒಂದೇ ಕಡೆ ಇರುವವನಿಗೆ ಹೊಂದುತ್ತವೆ. ವಿಚಾರಣಾಧೀನನಿಗೆ ತಾನು ಇನ್ನು ಹತ್ತು ದಿನ ಇರುತ್ತೇನೋ ಎರಡು ವರ್ಷವೋ ಗೊತ್ತಿರುವುದಿಲ್ಲ. ಅಂಥವನಿಗೆ ಸರಿಹೊಂದುವುದು ಲೈಬ್ರರಿ. ಅದಕ್ಕೆ ದಾಖಲಾತಿಯ ಕೊನೆ ದಿನಾಂಕವಿಲ್ಲ. ಇಂದು ಶುರು ಮಾಡಿ ನಾಳೆ ಬಿಡುಗಡೆಯಾದರೂ ಓದಿದ್ದು ವ್ಯರ್ಥವಾಗುವುದಿಲ್ಲ.

ಸಣ್ಣ ಜೈಲಿನಲ್ಲಿ ಜಾಗವಿಲ್ಲ, ಪುಸ್ತಕಕ್ಕೆ ದುಡ್ಡಿಲ್ಲ ಎನ್ನಬಹುದು. ಪುಸ್ತಕಗಳು ಆಗಲೇ ಡಿಜಿಟಲ್ ಆಗಿವೆ, ಅದೂ ಬಹುಪಾಲು ನಮ್ಮ ತೆರಿಗೆ ದುಡ್ಡಿನಲ್ಲಿ. ರಾಜ್ಯದ ಪಠ್ಯಪುಸ್ತಕಗಳು ಕನ್ನಡ, ತಮಿಳು, ತೆಲುಗು, ಉರ್ದು ಮಾಧ್ಯಮಗಳಲ್ಲಿ ಪಿಡಿಎಫ್ ರೂಪದಲ್ಲಿ ಉಚಿತವಾಗಿವೆ. ಈ ನಾಲ್ಕೂ ನಮ್ಮ ಜಿಲ್ಲೆಯ ಮನೆಮಾತುಗಳು. ಕನ್ನಡಕ್ಕೆ ಕಣಜ, ಭಾರತವಾಣಿ, ವಿಕಿಸೋರ್ಸ್ ಇವೆ. ತಮಿಳಿಗೆ 1998ರಲ್ಲಿ ಶುರುವಾದ ಪ್ರಾಜೆಕ್ಟ್ ಮದುರೈ ಇದೆ. ರಾಜ್ಯದ ಗ್ರಾಮ ಪಂಚಾಯಿತಿ ಲೈಬ್ರರಿಗಳಿಗೇ ಕಂಪ್ಯೂಟರ್ ಬರುತ್ತಿರುವಾಗ ಜೈಲಿಗೆ ಯಾಕಾಗದು?

ಇಂಟರ್ನೆಟ್ ಕೊಟ್ಟರೆ ಭದ್ರತೆಯ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇಂಟರ್ನೆಟ್ ಬೇಕಿಲ್ಲ. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಇಡೀ ವಿಕಿಪೀಡಿಯವನ್ನು ಆಫ್‌ಲೈನ್ ಓದಬಹುದು. ಅಮೆರಿಕದ ಜೆಸ್ಟೋರ್ ಸಂಸ್ಥೆ ನೆಟ್ ಇಲ್ಲದ ಜೈಲುಗಳಿಗೆ ತನ್ನ ಸಂಶೋಧನಾ ಲೇಖನಗಳ ಸೂಚಿಯನ್ನು ಪೆನ್‌ಡ್ರೈವ್‌ನಲ್ಲೇ ಕಳಿಸಿಕೊಟ್ಟಿದೆ. ಒಂದು ಹಳೆ ಕಂಪ್ಯೂಟರ್, ಒಂದು ಹಾರ್ಡ್‌ಡಿಸ್ಕ್, ನಾಲ್ಕೈದು ಸಿಮ್ ಇಲ್ಲದ ಟ್ಯಾಬ್ ಇದ್ದರೆ ಆರಂಭಕ್ಕೆ ಸಾಕು. ಓದು ಬಾರದವರಿಗೆ ಆಡಿಯೊ ಪಾಠ ಹಾಕಬಹುದು.

ಒಂದು ಎಚ್ಚರಿಕೆ ಮಾತ್ರ ಬೇಕು. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಖಾಸಗಿ ಕಂಪನಿಯೊಂದು ಕೈದಿಗಳಿಗೆ ‘ಉಚಿತ’ ಟ್ಯಾಬ್ ಕೊಟ್ಟು, ಓದಿದ ಪ್ರತಿ ನಿಮಿಷಕ್ಕೂ ಹಣ ವಸೂಲಿ ಮಾಡುವುದು 2019ರಲ್ಲಿ ಬಯಲಾಯಿತು. ಆ ಪುಸ್ತಕಗಳೋ, ಹೊರಗಿನವರು ಬಿಟ್ಟಿಯಾಗಿ ಓದುವಂಥವು. ನಿಧಾನವಾಗಿ ಅಕ್ಷರ ಕೂಡಿಸಿ ಓದುವವನೇ ಹೆಚ್ಚು ದುಡ್ಡು ತೆರಬೇಕಾದ ವ್ಯವಸ್ಥೆ ಅದು! ಇಲ್ಲಿ ಈ ಕೆಲಸ ಟೆಂಡರಿಗೆ ಹೋಗದೆ ಗ್ರಂಥಾಲಯ ಇಲಾಖೆಯ ಕೈಯಲ್ಲೇ ಇರಲಿ.

ಇಲಾಖೆಗೆ ಇದು ಹೊಸ ಹೊರೆಯೇನಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಕೈದಿಯ ಮನೆಯವರೂ ಕಟ್ಟುತ್ತಾರೆ. ಪ್ರತಿ ಜೈಲಿನಲ್ಲೂ ಲೈಬ್ರರಿ ಇರಬೇಕು ಎಂದು ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳ 64ನೇ ನಿಯಮ ಹೇಳುತ್ತದೆ. ನಮ್ಮ ಕೇಂದ್ರ ಸರ್ಕಾರದ 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲೂ ಗ್ರಂಥಾಲಯದ ಮಾತಿದೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಗ್ರಂಥಾಲಯ ಇಲಾಖೆ, ಕಾರಾಗೃಹ ಇಲಾಖೆ ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಒಟ್ಟಿಗೆ ಕೂತು ಮೊದಲು ಕೋಲಾರದ ಜೈಲಿನಲ್ಲಿ ಇದನ್ನು ಮಾಡಿ ತೋರಿಸಲಿ. ನಾಲ್ಕೂ ಭಾಷೆಯ ಪುಸ್ತಕಗಳ ಜೊತೆಗೆ ಜಾಮೀನು, ಉಚಿತ ವಕೀಲರ ನೆರವು ಪಡೆಯುವ ಮಾಹಿತಿಯೂ ಅದರಲ್ಲಿರಲಿ. ಮಾಸ್ತಿ, ಡಿವಿಜಿ ಹುಟ್ಟಿದ ಜಿಲ್ಲೆ ಇದು. ಇಲ್ಲಿ ಒಬ್ಬ ಮನುಷ್ಯನ ಸ್ವಾತಂತ್ರ್ಯ ತಡೆಹಿಡಿಯುವ ಅಧಿಕಾರ ಕೋರ್ಟಿಗಿದೆ. ಅವನ ಓದನ್ನೂ ತಡೆಹಿಡಿಯಿರಿ ಎಂದು ಯಾವ ಕೋರ್ಟೂ ಆದೇಶ ಮಾಡಿಲ್ಲ.